ಮಾಟಗಾತಿಗೆ ಅವ್ವನ ನಿಲುವಂಗಿ

ನಾವು ಮನುಷ್ಯರನ್ನು ಮರಕ್ಕೆ ಕಟ್ಟಿ ಸೀಳುವವರು ಎಂಬುದು ಗ್ಲೆಬ್ ಬರುವ ತನಕ ನಮಗೇ ಗೊತ್ತಿರಲಿಲ್ಲ.

ಗ್ಲೆಬ್ ಮಾಸ್ಕೋದವನು. ಸಿನಿಮಾ ನಿರ್ದೇಶಕ. ನನ್ನ ತಮ್ಮನ ವಯಸ್ಸು. ಕುತ್ತಿಗೆಗೆ ಉಣ್ಣೆಯ ಶಾಲು, ಕಾಲಿಗೆ ಕೆಸರನ್ನೇ ಕಾಣದ ಬೂಟು. ಅವನ ಸಿನಿಮಾದ ಹೆಸರು ‘ಹಸಿದ ತೋಪು’. ವೋಲ್ಗಾ ಹೊಳೆಯ ಆಚೆ ಒಂದು ಹಳ್ಳಿ. ಅಲ್ಲಿ ಬಿಳಿ ಬಟ್ಟೆಯ ಜನ. ಅವರು ಮರಗಳಿಗೆ ಕೈಮುಗಿಯುತ್ತಾರೆ, ದಾರಿ ತಪ್ಪಿ ಬಂದ ಪಟ್ಟಣದ ಹುಡುಗಿಯರನ್ನು ಹಿಡಿದು ಬಲಿ ಕೊಡುತ್ತಾರೆ. ಇಷ್ಟೇ ಕಥೆ. ಇಷ್ಟಕ್ಕೆ ಅವನು ವರ್ಷಗಟ್ಟಲೆ ಸಂಶೋಧನೆ ಮಾಡಿದ್ದನಂತೆ. ಯಾರನ್ನು ಕೇಳಿ ಮಾಡಿದ್ದನೋ, ನಮ್ಮನ್ನಂತೂ ಕೇಳಿರಲಿಲ್ಲ.

ಮರಕ್ಕೆ ಕೈಮುಗಿಯುವುದು ನಿಜ. ನಾವು ಮಾರೀ ಜನ, ವೋಲ್ಗಾ ದಂಡೆಯ ಹಳೇ ಬುಡಕಟ್ಟು. ನಮ್ಮೂರು ಶೋಪ್ಕೆರಿನ ಪಕ್ಕದಲ್ಲೇ ದೇವರ ತೋಪಿದೆ. ಉಗಿಮನೆಯಲ್ಲಿ ಮೈ ತೊಳೆದು, ಒಗೆದ ಬಿಳಿ ಬಟ್ಟೆ ತೊಟ್ಟು ಹೋಗಬೇಕು. ಅಲ್ಲಿ ಕೊಂಬೆ ಮುರಿಯುವಂತಿಲ್ಲ, ಉಗುಳುವಂತಿಲ್ಲ, ದನಿ ಏರಿಸುವಂತಿಲ್ಲ. ದೇವರಿಗೆ ಹೆಬ್ಬಾತು ಕೊಡುತ್ತೇವೆ. ಅದನ್ನೇ ಬೇಯಿಸಿ ಊರೆಲ್ಲ ಕೂತು ಉಣ್ಣುತ್ತೇವೆ. ಗ್ಲೆಬ್ ದಿನಾ ಮಧ್ಯಾಹ್ನ ಕೋಳಿಕಾಲು ಕಡಿಯುತ್ತಿದ್ದ, ಯಾವ ದೇವರ ಹೆಸರನ್ನೂ ಹೇಳುತ್ತಿರಲಿಲ್ಲ. ಅದಕ್ಕೇ ಅವನು ನಾಗರಿಕ, ನಾವು ಕಾಡುಜನ.

ಬಂದ ಹೊಸತರಲ್ಲಿ ಅವನು ನಮ್ಮ ಪೂಜಾರಿ ಮೆತ್ರಿ ಅಜ್ಜನ ಹತ್ತಿರ ಹೋಗಿದ್ದ. ತೋಪಿನೊಳಗೆ ಶೂಟಿಂಗ್ ಮಾಡಬೇಕು, ಒಂದು ಮಂತ್ರವೂ ಬೇಕು ಅಂದ. ಅಜ್ಜ ಕೂರಿಸಿ ಕುಡಿಯಲು ಕೊಟ್ಟು, ನಾವು ಬೇಡಿಕೊಳ್ಳುವುದನ್ನು ಹೇಳಿದ. ಧಾನ್ಯ ಬೆಳೆಯಲಿ, ದನ ಈಯಲಿ, ಜೇನು ತುಂಬಲಿ, ಮಕ್ಕಳ ಮೈ ಚೆನ್ನಾಗಿರಲಿ. ಗ್ಲೆಬ್ ಕೇಳಿ ಮುಖ ಹುಳ್ಳಗೆ ಮಾಡಿದ. ಇದರಲ್ಲಿ ಹೆದರಿಕೆ ಹುಟ್ಟುವಂಥದ್ದು ಏನೂ ಇಲ್ಲವಲ್ಲ, ಇದಕ್ಕಿಂತ ಹಳೆಯದು ಏನಾದರೂ ಮುಚ್ಚಿಟ್ಟಿದ್ದೀರಾ ಎಂದು ಕೇಳಿದ. ಅಜ್ಜ ಲೋಟ ವಾಪಸ್ಸು ತೆಗೆದುಕೊಂಡ. ತೋಪಿಗೆ ಕಾಲಿಡಬೇಡ ಎಂದ.

ಹಾಗಾಗಿ ಗ್ಲೆಬ್ ತನ್ನದೇ ತೋಪು ಕಟ್ಟಿಕೊಂಡ. ಎಲ್ಲಿ ಗೊತ್ತೇ? ಕೋಳಿ ಕಾರ್ಖಾನೆಯ ಹಿಂದೆ, ಕೋಳಿ ಹಿಕ್ಕೆಯ ಹೊಂಡದ ಪಕ್ಕ. ನಾಲ್ಕಾರು ಬರ್ಚ್ ಮರಗಳಿಗೆ ದನದ ಕೊಂಬು ಕಟ್ಟಿಸಿದ, ಪ್ಲಾಸ್ಟಿಕ್ ಬುರುಡೆ ನೇತುಹಾಕಿಸಿದ. ಗಾಳಿ ಬಂದರೆ ಬುರುಡೆಗಳು ಹೊಲದ ಕಡೆ ಉರುಳಿಕೊಂಡು ಹೋಗುತ್ತಿದ್ದವು, ಹಿಂದೆ ಓಡಿ ಹಿಡಿದು ತರುವುದು ನಮ್ಮ ಕೆಲಸ. ಬಡ ಸಿನಿಮಾ ಅದು. ಒಂದು ಕ್ಯಾಮೆರಾ, ಒಂದು ಜನರೇಟರು, ಎರಡು ವ್ಯಾನು. ರಾತ್ರಿಯ ದೃಶ್ಯವನ್ನೂ ಹಗಲಲ್ಲೇ ತೆಗೆಯುತ್ತಿದ್ದರು, ಆಮೇಲೆ ನೀಲಿ ಬಳಿದರೆ ರಾತ್ರಿ ಆಗುತ್ತದಂತೆ. ರಕ್ತ ಎಂದರೆ ಬೀಟ್‌ರೂಟ್ ರಸಕ್ಕೆ ಸಕ್ಕರೆ ಹಾಕಿ ಕುದಿಸಿದ್ದು. ಚಳಿಗೆ ಸಾಯಲು ಬಿದ್ದಿದ್ದ ಕಣಜಗಳೆಲ್ಲ ಎದ್ದು ಬಂದು ನಮ್ಮ ಮೈಗೆ ಮುತ್ತಿಕೊಂಡವು.

ನಾವು ಯಾಕೆ ಹೋದೆವು ಅನ್ನಬಹುದು. ನಾವು ಹೋಗಲಿಲ್ಲ, ನಮ್ಮನ್ನು ಕಳಿಸಿದರು. ಕೋಳಿ ಕಾರ್ಖಾನೆಯ ಮಾಲೀಕ ಆ ಸಿನಿಮಾಕ್ಕೆ ದುಡ್ಡು ಹಾಕಿದ್ದ. ಪುಕ್ಕ ಕೀಳುವ ವಿಭಾಗದ ಹೆಂಗಸರನ್ನು ಅದೇ ಪಾಳಿಯಲ್ಲಿ, ಅದೇ ಕೂಲಿಗೆ ಬಸ್ಸಿಗೆ ತುಂಬಿದರು. ನಟಿಸೋಕೆ ಬರದ ಕೈಗೆ ಪುಕ್ಕ ಕೀಳೋಕೂ ಬರಲ್ಲ ಅಂದ್ಕೋತೀನಿ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ.

ಪುಕ್ಕ ಕೀಳುವುದು ಗೊತ್ತಿಲ್ಲದವರಿಗೆ ಒಂದು ಮಾತು. ಕಾಲು ಮೇಲೆ, ತಲೆ ಕೆಳಗೆ ಮಾಡಿ ಕೋಳಿಗಳು ಕೊಕ್ಕೆಯಲ್ಲಿ ನೇತಾಡಿಕೊಂಡು ಬರುತ್ತವೆ. ಬಿಸಿನೀರಿನಲ್ಲಿ ಮುಳುಗಿ ಎದ್ದು ಬರುತ್ತವೆ. ಯಂತ್ರ ಮುಕ್ಕಾಲು ಕೀಳುತ್ತದೆ. ರೆಕ್ಕೆಯ ಬುಡದಲ್ಲಿ, ಬಾಲದ ಬುಡದಲ್ಲಿ ಉಳಿದದ್ದನ್ನು ನಾವು ಬೆರಳಲ್ಲಿ ಕೀಳಬೇಕು. ಕೊಕ್ಕೆ ನಿಲ್ಲುವುದಿಲ್ಲ, ನಾವೂ ನಿಲ್ಲುವಂತಿಲ್ಲ. ಉಗುರಿನ ಸಂದು ಕೊಳೆಯುತ್ತದೆ. ನೆಲ ಸದಾ ನೀರು. ರಬ್ಬರ್ ಬೂಟಿನೊಳಗೆ ಕಾಲು ಊದಿ ಸಂಜೆಗೆ ಬೂಟು ಕಳಚಲು ಇನ್ನೊಬ್ಬರು ಎಳೆಯಬೇಕು. ನಮ್ಮವ್ವ ಓಕವಿ ಮುದುಕಿಯಾಗುವ ತನಕ ಆ ಕೆಲಸ ಮಾಡಿದಳು. ಅವಳ ಬೂಟನ್ನು ನಾನು ಎಳೆಯುತ್ತಿದ್ದೆ. ಆಮೇಲೆ ಅವಳ ಜಾಗದಲ್ಲಿ ನಾನೇ ನಿಂತೆ.

ಶೂಟಿಂಗಿನಲ್ಲಿ ನಮ್ಮನ್ನು ಗಲೀಜು ಮಾಡುವುದಕ್ಕೇ ಒಬ್ಬಳನ್ನು ಕರೆತಂದಿದ್ದರು. ವೇಷದ ಹುಡುಗಿ. ಅವಳು ನಮ್ಮ ಗಲ್ಲ ಹಿಡಿದೆತ್ತಿ, ಸಂತೆಯಲ್ಲಿ ಕುದುರೆಯ ಹಲ್ಲು ನೋಡುವ ಹಾಗೆ ನೋಡಿ, ಬಾಯೊಳಗೆ ಬೆರಳು ಹಾಕಿ ಹಲ್ಲಿಗೆ ಮಸಿ ತಿಕ್ಕುತ್ತಿದ್ದಳು. ಒಬ್ಬರ ಬಾಯಿಂದ ತೆಗೆದ ಬೆರಳು ಇನ್ನೊಬ್ಬರ ಬಾಯಿಗೆ. ಕೂದಲಿಗೆ ಕೆಸರು, ಮುಖಕ್ಕೆ ಬೂದಿ. ಮೈಮೇಲೆ ಆಸ್ಪತ್ರೆಯ ಹಳೆ ಹೊದಿಕೆಯಿಂದ ಹೊಲಿದ ಬಿಳಿ ಚೀಲ. ಬರಿಗಾಲು. ದೇವರ ಮುಂದೆ ನಿಲ್ಲುವಾಗ ಉಗುರಿನ ಕೊಳೆಯನ್ನೂ ಬಿಡದೆ ತೊಳೆದುಕೊಳ್ಳುವ ಜನ ನಾವು. ನಮ್ಮನ್ನು ಹೇಗೆ ತೋರಿಸಿದರೆ ನಮಗೆ ಅತೀ ಹೆಚ್ಚು ನಾಚಿಕೆಯಾಗುತ್ತದೋ ಹಾಗೇ ತೋರಿಸಿದರು. ಬೇಕೆಂದು ಮಾಡಿದ್ದಲ್ಲ. ನಮಗೆ ನಾಚಿಕೆ ಇದೆ ಎಂಬುದೇ ಅವರಿಗೆ ಹೊಳೆದಿರಲಿಲ್ಲ.

ಗ್ಲೆಬ್‌ಗೆ ನಮ್ಮ ಹೆಸರು ಬೇಡ. ಎಡಗಡೆ ಉದ್ದನೆಯವಳು ಎಂದರೆ ನಾನು. ಪೆಕ್ಲಾ ಎಂದು ಹೇಳಿದ್ದೆ, ಕೇಳಿಸಿಕೊಳ್ಳಲಿಲ್ಲ. ಒಂದು ದಿನ ನಾಲ್ಕೂ ಕಾಲಲ್ಲಿ ತೆವಳಿಕೊಂಡು ಹೋಗಿ ನೆಲ ಮೂಸಬೇಕು ಅಂದ. ನಮ್ಮ ಪೈಕಿ ಎಲ್ಲರಿಗಿಂತ ಹಿರಿಯಳು ನಸ್ತಾಚಿ ಅತ್ತೆ, ಅವ್ವನ ಗೆಳತಿ. ಗೊತ್ತಾಗಲಿಲ್ಲ, ಒಂದು ಸಲ ಮಾಡಿ ತೋರಿಸಲಿ ಎಂದು ಹೇಳಿಕಳಿಸಿದಳು. ಅವನು ಶಾಲು ಹಿಂದಕ್ಕೆ ಎಸೆದುಕೊಂಡು ಕೆಸರಿಗಿಳಿದ, ತೆವಳಿದ, ಮೂಸಿದ, ಗುರುಗುಟ್ಟಿದ.

"ಎಷ್ಟು ಚೆನ್ನಾಗ್ ಮಾಡ್ತಾನೆ ನೋಡೇ," ಅಂದಳು ನಸ್ತಾಚಿ ಅತ್ತೆ ನಮ್ಮ ಮಾತಿನಲ್ಲಿ. "ಇವನಿಗೆ ನಾವ್ಯಾಕ್ ಬೇಕಿತ್ತು?"

ನಕ್ಕೆವು. ನಕ್ಕು, ಆಮೇಲೆ ನಾವೂ ತೆವಳಿದೆವು. ಆ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ.

ಅವರ ಪೈಕಿ ನಮ್ಮನ್ನು ಕಂಡರೆ ನಮಸ್ಕಾರ ಅನ್ನುತ್ತಿದ್ದವರು ಒಬ್ಬರೇ, ರಿಮ್ಮಾ ಪಾವ್ಲೋವ್ನಾ. ಎಪ್ಪತ್ತರ ಹತ್ತಿರದವರು. ಯಾವುದೋ ಪಟ್ಟಣದ ಗೊಂಬೆಯಾಟದ ರಂಗಮಂದಿರದಲ್ಲಿ ಬದುಕಿಡೀ ಪರದೆಯ ಹಿಂದೆ ನಿಂತು ನರಿಗೂ ಕರಡಿಗೂ ದನಿ ಕೊಟ್ಟವರು. ಅವರ ಮುಖಕ್ಕೆ ಕೆಲಸ ಸಿಕ್ಕಿದ್ದು ಇದೇ ಮೊದಲು. ಆ ಮುಖಕ್ಕೂ ಮಸಿ ಬಳಿದರು. ಅವರದು ದೊಡ್ಡ ಮಾಟಗಾತಿಯ ಪಾತ್ರ. ಕೊನೆಯಲ್ಲಿ ಭಕ್ತೆಯರೇ ಅವಳ ಮೇಲೆ ಬಿದ್ದು ಇರಿದು ಕೊಲ್ಲುತ್ತಾರೆ. ಗ್ಲೆಬ್ ಅವರ ಮೇಲೂ ಕೂಗಾಡುತ್ತಿದ್ದ. ಕೂರಲು ಕುರ್ಚಿ ಒಂದೇ ಇತ್ತು, ಅದು ಅವನದು.

ಇನ್ನು ನನ್ನ ವಿಷಯ. ಅವ್ವ ಬೇಸಿಗೆಯ ಕೊನೆಯಲ್ಲಿ ತೀರಿಹೋಗಿದ್ದಳು. ನಮ್ಮಲ್ಲಿ ನಲವತ್ತನೆಯ ದಿನ ಸತ್ತವರು ಮನೆಗೆ ಬರುತ್ತಾರೆ. ಅವರ ವಯಸ್ಸಿನವರು, ಅವರ ಮೈಕಟ್ಟಿನವರು ಒಬ್ಬರು ಅವರ ಬಟ್ಟೆ ತೊಡುತ್ತಾರೆ. ತೊಟ್ಟ ಮೇಲೆ ಆ ಮನುಷ್ಯ ಆ ಮನುಷ್ಯನಲ್ಲ, ಸತ್ತವರೇ. ಅದೇ ಹೆಸರಿನಿಂದ ಕರೆಯುತ್ತೇವೆ, ಮೇಜಿನ ಮುಂದೆ ಕೂರಿಸಿ ಉಣಿಸುತ್ತೇವೆ, ಹೇಳುವುದು ಕೇಳುವುದು ಉಳಿದಿದ್ದರೆ ಹೇಳಿ ಕೇಳಿ ಮುಗಿಸುತ್ತೇವೆ. ಆಮೇಲೆ ಊರ ಹೊರಗಿನ ಮಸಣದ ತನಕ ನಡೆದು ಕಳಿಸಿಕೊಟ್ಟು ಬರುತ್ತೇವೆ. ಇದು ಒಂದೇ ಸಲ. ಇದು ಕೆಟ್ಟರೆ ಸತ್ತವರು ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಅವ್ವನ ಬಟ್ಟೆ ಎಂದರೆ ಬಿಳಿ ನಾರಿನ ನಿಲುವಂಗಿ. ಮದುವೆಗೆ ಮುಂಚೆ ಚಳಿಗಾಲವೆಲ್ಲ ಕೂತು ತಾನೇ ಎದೆಗೂ ಅಂಚಿಗೂ ಕಂದುಗೆಂಪು ದಾರದ ಕಸೂತಿ ಹಾಕಿದ್ದಳು. ಕೋಳಿ ಪುಕ್ಕ ಅದನ್ನು ಎಂದೂ ಮುಟ್ಟಿರಲಿಲ್ಲ. ನಲವತ್ತಕ್ಕೆ ಅದನ್ನು ನಸ್ತಾಚಿ ಅತ್ತೆ ತೊಡುವುದು ಎಂದು ಅವ್ವ ಇರುವಾಗಲೇ ಆಗಿತ್ತು. ನನ್ನ ಅಂಗಿಯಲ್ಲಿ ನೀನು ನನಗಿಂತ ಚೆಂದ ಕಂಡ್ರೆ ಎದ್ದು ಬರ್ತೀನಿ ಎಂದು ಅವ್ವ ತಮಾಷೆ ಮಾಡಿದ್ದಳು.

ನಲವತ್ತನೆಯ ದಿನಕ್ಕೆ ಸರಿಯಾಗಿ ಗ್ಲೆಬ್ ಮಾಟಗಾತಿಯ ಸಾವು ಇಟ್ಟುಕೊಂಡ. ರಜೆ ಕೇಳಿದೆ. ಮೇಸ್ತ್ರಿ ನಿರ್ದೇಶಕರನ್ನು ಕೇಳು ಅಂದ. ನಿರ್ದೇಶಕ ಆಕಾಶ ನೋಡುತ್ತಿದ್ದ.

"ಸತ್ತವಳು ಕಾಯ್ತಾಳೆ," ಅಂದ. "ಬೆಳಕು ಕಾಯಲ್ಲ."

ಆ ಮಾತು ಕೇಳಿಯೂ ನಾನು ಸುಮ್ಮನೆ ಬಂದೆ. ಕೆಲಸ ಬೇಕಿತ್ತು. ಸಂಜೆಗೆ ಮುಗಿಯುತ್ತದೆ, ಆಮೇಲೆ ಅವ್ವನನ್ನು ಕರೆದರಾಯಿತು ಎಂದು ಲೆಕ್ಕ ಹಾಕಿದೆ. ನಸುಕಿಗೇ ಎದ್ದು ಹೆಬ್ಬಾತು ಬೇಯಿಸಿಟ್ಟೆ. ಮೂರು ಪದರದ ದೋಸೆ ಸುಟ್ಟಿಟ್ಟೆ. ಬೆಣ್ಣೆ, ಜೇನು, ಮೊಸರುಗಡ್ಡೆ. ಮೇಜಿಗೆ ಬಟ್ಟೆ ಹಾಸಿ, ಬಸ್ಸು ಹತ್ತಿ ಮಸಿ ಬಳಿಸಿಕೊಳ್ಳಲು ಹೋದೆ.

ನನ್ನ ತಮ್ಮ ಎಚಾನ್ ಸಿನಿಮಾದವರ ವ್ಯಾನು ಓಡಿಸುತ್ತಿದ್ದ. ರಷ್ಯನ್ ನನಗೆ ತಕ್ಕಮಟ್ಟಿಗೆ ಬರುತ್ತದೆ, ಬಾರದ ಹೆಂಗಸರಿಗೆ ಅವರ ಮಾತು, ಅವರಿಗೆ ನಮ್ಮ ಮಾತು ಹೇಳುತ್ತಿದ್ದವನೂ ಅವನೇ. ಗ್ಲೆಬ್ ಅವನ ಹೆಗಲಿಗೆ ಕೈ ಹಾಕಿದ್ದೇ ತಡ, ಎರಡು ಗೇಣು ಉದ್ದವಾಗಿದ್ದ. ಗ್ಲೆಬ್‌ನದರಂಥದೇ ಒಂದು ಶಾಲೂ ಎಲ್ಲಿಂದಲೋ ಬಂದಿತ್ತು. ಹಿಂದಿನ ದಿನ ಪಂಜಿನ ಪೆಟ್ರೋಲು ಚೆಲ್ಲಿ ಮಾಟಗಾತಿಯ ವೇಷ ಸುಟ್ಟುಹೋಗಿತ್ತು ಎಂಬುದು ನನಗೆ ಗೊತ್ತಿತ್ತು. ಬೇರೆ ಹೊದಿಕೆ ಹೊಲಿಯುತ್ತಾರೆ ಅಂದುಕೊಂಡಿದ್ದೆ.

ವ್ಯಾನಿನ ಬಾಗಿಲು ತೆರೆಯಿತು. ರಿಮ್ಮಾ ಪಾವ್ಲೋವ್ನಾ ಇಳಿದರು. ಅವ್ವನ ನಿಲುವಂಗಿ. ಅವ್ವನ ತಲೆವಸ್ತ್ರ. ಬಲತೋಳಿನ ಮೇಲೆ ಆಗಲೇ ಬೀಟ್‌ರೂಟಿನ ಕಲೆ.

 ಹೆಂಗಸರೆಲ್ಲ ತಿರುಗಿ ನೋಡಿದರು. ಎಲ್ಲರಿಗೂ ಆ ಕಸೂತಿ ಗೊತ್ತು. ನಮ್ಮಲ್ಲಿ ಕಸೂತಿ ನೋಡಿದರೆ ಮುಖ ನೋಡಿದ ಹಾಗೆ.

ಮನೆಯ ಪೆಟ್ಟಿಗೆಯಿಂದ ಅದನ್ನು ತೆಗೆದು ತರಬಲ್ಲವನು ಎಚಾನ್ ಒಬ್ಬನೇ, ಅವನ ಹತ್ತಿರ ಹೋದೆ. ಅವನು ಕೈಯಲ್ಲಿದ್ದ ವ್ಯಾನಿನ ಬೀಗದ ಕೈ ಜೇಬಿಗೆ ಸೇರಿಸಿದ.

"ಸಂಜೆ ಹೊತ್ಗೆ ಒಗ್ದು ಕೊಡ್ತಾರಕ್ಕ," ಅಂದ. "ಅಸಲಿದು ಬೇಕು ಅಂದ್ರು. ಬಟ್ಟೆ ತಾನೇ."

"ಬಟ್ಟೆ ತಾನೇ ಆಗಿದ್ರೆ ನಿನ್ನ ಮೈಮೇಲಿಂದು ಬಿಚ್ಚಿ ಕೊಡ್ಬೇಕಿತ್ತು."

ಅವನು ನನ್ನ ಮುಖ ನೋಡಲಿಲ್ಲ. ಗ್ಲೆಬ್ ಎಲ್ಲಿದ್ದಾನೆ ಎಂದು ನೋಡಿದ. ಛೀ ಅನ್ನಿಸಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು.

ಅಂಗಿ ಬಿಚ್ಚಿಸಿಕೊಳ್ಳಲೇಬೇಕು ಎಂದು ನೇರ ರಿಮ್ಮಾ ಪಾವ್ಲೋವ್ನಾ ಕಡೆ ನಡೆದೆ. ಕುತ್ತಿಗೆಯ ಗುಂಡಿಗೆ ಕೈ ಹಾಕುವುದರಲ್ಲಿದ್ದೆ. ನಸ್ತಾಚಿ ಅತ್ತೆ ನನ್ನ ಮಣಿಕಟ್ಟು ಹಿಡಿದಳು.

"ಮುಟ್ಬೇಡ. ತೊಟ್ಟಾಗಿದೆ."

"ನೀನು ತೊಡ್ಬೇಕಿತ್ತಲ್ಲ ಅತ್ತೆ."

"ಬೇಕಿತ್ತು. ಆಗ್ಲಿಲ್ಲ. ದಿನ ಇವತ್ತೇ, ಬಟ್ಟೆ ಅವಳ್ದೇ, ವಯಸ್ಸೂ ಅಷ್ಟೇ ಐತೆ. ಈಗ ಬಿಚ್ಚಿಸಿದ್ರೆ ಮನೆಗೆ ಬಂದೋಳನ್ನ ಬಾಗ್ಲಲ್ಲೇ ಹಿಡಿದು ಅಟ್ಟಿದಂಗೆ ಕಣೇ. ಇನ್ನೊಂದ್ಸಲ ಬರಲ್ಲ."

 ಇವರಿಗೆ ನಮ್ಮ ಭಾಷೆಯ ಒಂದು ಅಕ್ಷರ ಬರುವುದಿಲ್ಲ. ಇವರು ನಮ್ಮವ್ವನೇ? ಆದರೆ ಪದ್ಧತಿ ಭಾಷೆ ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ. ತೊಟ್ಟವರು ಅವರೇ. ನಾನು ಮಗಳು, ಎದುರು ನಿಂತಿದ್ದೇನೆ, ಹಲ್ಲಿಗೆ ಮಸಿ, ಮೈಗೆ ಆಸ್ಪತ್ರೆಯ ಹೊದಿಕೆ. ನನ್ನ ಕೈಯಲ್ಲಿ ಆಗಲೇ ಒಬ್ಬ ಚೂರಿ ತುರುಕಿದ. ನಮ್ಮ ಕಾರ್ಖಾನೆಯದೇ ಚೂರಿ, ಅಲಗು ಉಜ್ಜಿ ಮೊಂಡು ಮಾಡಿದ್ದು.

ಗ್ಲೆಬ್ ಕೂಗಿದ. ಜನರೇಟರು ಗುಡುಗಿತು. ರಿಮ್ಮಾ ಪಾವ್ಲೋವ್ನಾ ಎರಡೂ ಕೈ ಮೇಲಕ್ಕೆತ್ತಿ ಹೇಳಿಕೊಟ್ಟ ಹಾಗೆ ಕಿರುಚಿದರು. ಎಡಗಡೆ ಉದ್ದನೆಯವಳು ಮೊದಲು ಇರಿಯಬೇಕು.

ನಾನು ನಿಂತೆ.

ಅವನು ಮತ್ತೆ ಕೂಗಿದ. ಮತ್ತೆ ನಿಂತೆ. ನನ್ನ ಹಿಂದೆ ಯಾರೂ ಕದಲಲಿಲ್ಲ. ಅವನು ಕುರ್ಚಿ ಬಿಟ್ಟೆದ್ದು ಬಂದ. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಮುಖವನ್ನು ಹತ್ತಿರದಿಂದ ನೋಡಿದ.

"ಏನು ನಿನ್ನ ಕಷ್ಟ? ಇರಿ."

"ಆಗಲ್ಲ."

"ಯಾಕೆ?"

"ಅದು ನಮ್ಮವ್ವ."

ಅವನು ಎಚಾನ್ ಕಡೆ ತಿರುಗಿದ. ಎಚಾನ್ ತೊದಲಿಕೊಂಡು ನಲವತ್ತನೆಯ ದಿನದ ವಿಷಯ ಹೇಳಿದ. ವೇಷದ ಹುಡುಗಿ ಕಿಸಕ್ಕೆಂದಳು. ಗ್ಲೆಬ್ ನಗಲಿಲ್ಲ. ಅವನ ಕಣ್ಣು ಹೊಳೆದವು. ಕ್ಯಾಮೆರಾದವನಿಗೆ ನಿಲ್ಲಿಸಬೇಡ ಎಂದು ಸನ್ನೆ ಮಾಡಿದ. ಹತ್ತಿರ ಹೋಗು, ಇವರ ಮುಖ ಬೇಕು, ಇದು ಅಸಲಿ ಎಂದ. ಇಷ್ಟು ದಿನ ನಮ್ಮ ಬಗ್ಗೆ ಸುಳ್ಳು ಹುಟ್ಟಿಸಿ ಸಾಲದೆ, ಈಗ ನಮ್ಮ ಸಂಕಟ ಸಿಕ್ಕಿತೆಂದು ಅವನ ಬಾಯಲ್ಲಿ ನೀರು ಬಂತು. ಎಂಜಲಿಗೆ ಕಾದ ನಾಯಿಗೂ ಇದಕ್ಕಿಂತ ಮರ್ಯಾದೆ ಇರುತ್ತದೆ.

ನಸ್ತಾಚಿ ಅತ್ತೆ ಒಂದು ಪ್ಲಾಸ್ಟಿಕ್ ಬುರುಡೆ ಕಿತ್ತುಕೊಂಡು ಹೋಗಿ ಕ್ಯಾಮೆರಾದ ಕಣ್ಣಿಗೆ ಒತ್ತಿ ಹಿಡಿದಳು.

"ಇದನ್ನ ತೆಗಿ," ಅಂದಳು. "ಇದು ನಿಂದು."

ನಾನು ಚೂರಿಯನ್ನು ಹಿಕ್ಕೆಯ ಹೊಂಡಕ್ಕೆ ಎಸೆದೆ. ನೀರಿನ ಪೀಪಾಯಿಯ ಹತ್ತಿರ ಹೋಗಿ ಮುಖ ತೊಳೆದೆ. ಹಲ್ಲು ತಿಕ್ಕಿದೆ, ಬಾಯಿಂದ ಕಪ್ಪು ಹೋಗುವ ತನಕ ಉಗುಳಿದೆ. ನೀರು ಕೊರೆಯುತ್ತಿತ್ತು. ಒಬ್ಬೊಬ್ಬರೇ ಎಲ್ಲ ಹೆಂಗಸರೂ ಬಂದರು. ಕೂದಲಿನ ಕೆಸರು ತೊಳೆದರು, ಹೊದಿಕೆ ಕಳಚಿ ಎಸೆದು ತಮ್ಮ ತಮ್ಮ ಬಟ್ಟೆ ಹಾಕಿಕೊಂಡರು. ಮೇಸ್ತ್ರಿ ಫೋನು ಕಿವಿಗೆ ಇಟ್ಟುಕೊಂಡೇ ಓಡಿ ಬಂದ. ಈಗ ಹೋದವರು ನಾಳೆ ಕಾರ್ಖಾನೆಗೆ ಬರಬೇಕಾಗಿಲ್ಲ ಎಂದು ಮಾಲೀಕರು ಹೇಳಿದ್ದಾರೆ ಅಂದ. ಹೆಂಗಸರು ತಲೆವಸ್ತ್ರ ಬಿಗಿದು ಕಟ್ಟಿಕೊಂಡರು.  ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಆ ಮೇಸ್ತ್ರಿಯ ಮುಖ ಆವತ್ತು ಯಾಕೋ ಬಹಳ ಸಣ್ಣದಾಗಿ ಕಂಡಿತು.

ಒದ್ದೆ ಕೈಯಲ್ಲೇ ರಿಮ್ಮಾ ಪಾವ್ಲೋವ್ನಾ ಹತ್ತಿರ ಹೋದೆ. ಅವರು ಕೈ ಇಳಿಸಿಕೊಂಡು ಬರಿಗಾಲಲ್ಲಿ ಅಲ್ಲೇ ನಿಂತಿದ್ದರು. ಅವರ ಮುಖದ ಮಸಿ ಒರೆಸುತ್ತಾ ರಷ್ಯನ್ ಮಾತಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಅಂಗಿ ನಮ್ಮವ್ವನದು. ಇವತ್ತು ತೊಟ್ಟವರು ಅವಳೇ. ಸಂಜೆಯ ತನಕ ನೀವು ಅವಳು. ಬೇಡ ಅಂದರೆ ಈಗಲೇ ಹೇಳಿ. ಗ್ಲೆಬ್ ಹಿಂದಿನಿಂದ, ಹೋದರೆ ಒಂದು ಕಾಸೂ ಸಿಗುವುದಿಲ್ಲ, ಸಿನಿಮಾದಿಂದ ನಿಮ್ಮ ಮುಖವನ್ನೇ ತೆಗೆದುಹಾಕುತ್ತೇನೆ ಎಂದು ಕಿರುಚುತ್ತಿದ್ದ.

ರಿಮ್ಮಾ ಪಾವ್ಲೋವ್ನಾ ಅಂಗಿಯ ತೋಳು ನೇರ ಮಾಡಿಕೊಂಡರು.

"ನಾನು ಹೇಳಬೇಕಾದ ಮಾತುಗಳೇನು?" ಎಂದು ಕೇಳಿದರು.

"ಏನೂ ಇಲ್ಲ. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ."

"ಬೆಳಗ್ಗೆಯಿಂದ ನಿಂತೇ ಇದೀನಮ್ಮ," ಅಂದರು. "ನಡಿ."

ನನ್ನ ಬೂಟು ಅವರಿಗೆ ಹಾಕಿದೆ. ಹೊಲದ ಕೂಳೆಯ ಮೇಲೆ ನಡೆದೆವು. ನಸ್ತಾಚಿ ಅತ್ತೆ ಅವರ ತೋಳು ಹಿಡಿದುಕೊಂಡು, ಓಕವೀ, ಮೆಲ್ಲಗೆ, ಇಲ್ಲಿ ಗುಂಡಿ ಐತೆ ಅನ್ನುತ್ತಾ ಕರೆದುಕೊಂಡು ಬಂದಳು. ಕ್ಯಾಮೆರಾದವನು ಹಿಂದೆ ಬಂದ. ಮನೆಯ ಬಾಗಿಲು ಹಾಕಿದೆವು, ಕಿಟಕಿಗೆ ಪರದೆ ಎಳೆದೆವು. ಸ್ವಲ್ಪ ಹೊತ್ತು ಗೋಡೆಯ ಫೋಟೋ ತೆಗೆದು ಹೋದನಂತೆ.

ಮೇಣದಬತ್ತಿ ಹಚ್ಚಿದೆ. ಅವ್ವನ ಜಾಗದಲ್ಲಿ ಕೂರಿಸಿದೆ. ಒಳಗೆ ಬಂದ ಮೇಲೆ ನಾನು ಅವರನ್ನು ನೀವು ಅನ್ನಲಿಲ್ಲ. ತಿನ್ನು ಅವ್ವಾ ಅಂದೆ. ಹೆಬ್ಬಾತಿನ ಎದೆ ಮಾಂಸ ಬಡಿಸಿದೆ, ದೋಸೆಗೆ ಬೆಣ್ಣೆ ಸುರಿದೆ. ತಿಂದಳು. ಹಸಿದವಳು ತಿನ್ನುವ ಹಾಗೆ, ಬೆರಳು ನೆಕ್ಕಿಕೊಂಡು ತಿಂದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಮುಂದೆ ಕೂತು, ತಮ್ಮದಿದ್ದದ್ದನ್ನು ಹೇಳಿಕೊಂಡರು. ಓಕವಿ, ನಿನ್ನ ಮನೆಯಿಂದ ತಂದ ಬಾಣಲೆ ಇನ್ನೂ ನನ್ನ ಹತ್ರಾನೇ ಐತೆ. ಓಕವಿ, ಆವತ್ತು ಬಾವಿ ಹತ್ರ ನಿನಗೆ ಬೈದೆ, ಮನಸ್ಸಲ್ಲಿ ಇಟ್ಕೋಬೇಡ. ಒಂದು ಅಕ್ಷರ ಅರ್ಥವಾಗದಿದ್ದರೂ ಅವಳು ಪ್ರತಿಯೊಬ್ಬರ ಕೈಯನ್ನೂ ಹಿಡಿದುಕೊಂಡಳು. ಕೊನೆಗೆ ನಾನು ಮುಂದೆ ಕೂತೆ. ಕಾಲು ಹೇಗಿದೆ ಅವ್ವಾ ಎಂದು ಕೇಳಿದೆ. ಅದನ್ನು ಮಾತ್ರ, ಯಾಕೋ, ರಷ್ಯನ್ ಮಾತಿನಲ್ಲಿ ಕೇಳಿದೆ.

"ಈಗ ನೋಯಲ್ಲ," ಅಂದಳು.

ಯಾವ ಮುದುಕಿಯನ್ನು ಕೇಳಿದರೂ ಅದನ್ನೇ ಹೇಳಿಯಾಳು. ಬೆಳಗ್ಗೆಯಿಂದ ಕೆಸರಲ್ಲಿ ನಿಂತವಳಿಗೆ ಒಲೆಯ ಪಕ್ಕ ಬೆಚ್ಚಗಾದರೆ ನೋವು ಇಳಿಯುತ್ತದೆ. ಅದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವ್ವ ಸತ್ತ ಮೇಲೆ ಆ ತನಕ ನನಗೆ ಅಳಲು ಪುರುಸೊತ್ತು ಸಿಕ್ಕಿರಲಿಲ್ಲ.

ಎಚಾನ್ ಬಾಗಿಲ ಹೊರಗೆ ಸುಳಿದಾಡುತ್ತಿದ್ದ. ಯಾರೂ ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕೊನೆಗೆ ಒಳಗೆ ಬಂದು ಗೋಡೆಗೆ ಅಂಟಿಕೊಂಡು ನಿಂತ. ಅವಳು ತಲೆಯೆತ್ತಿ ನೋಡಿದಳು. ತಾನು ಕೂತು ಬಂದ ವ್ಯಾನಿನ ಡ್ರೈವರು, ಹೆಸರು ಗೊತ್ತು.

"ಎಚಾನ್," ಅಂದಳು. "ಯಾಕಲ್ಲಿ ನಿಂತಿದೀಯ? ಊಟಕ್ಕೆ ಬಾ."

ಬಟ್ಟೆ ತಾನೇ ಅಂದವನು ಅಲ್ಲೇ ನೆಲಕ್ಕೆ ಕೂತ. ಶಾಲು ಬಾಯಿಗೆ ತುರುಕಿಕೊಂಡು ಮಗುವಿನ ಹಾಗೆ ಅತ್ತ. ನನಗೆ ಅವನ ಮೇಲೆ ಕರುಣೆ ಬರಲಿಲ್ಲ. ಅವಳು ಅವನ ತಟ್ಟೆಗೆ ದೋಸೆ ಹಾಕಿದಳು. ಅವ್ವನಿದ್ದಿದ್ದರೂ ಮೊದಲು ಅವನಿಗೇ ಹಾಕುತ್ತಿದ್ದಳು, ಗಂಡುಮಗನಲ್ಲವೇ.

ಬೆಳಕಿರುವಾಗಲೇ ಕಳಿಸಲು ಹೊರಟೆವು. ಊರು ದಾಟಿ, ಹೊಳೆಯ ದಂಡೆಗುಂಟ, ಮಸಣದ ಬೇಲಿಯ ತನಕ. ನಸ್ತಾಚಿ ಅತ್ತೆ ಹಾಡಿದಳು, ನಾವು ದನಿ ಸೇರಿಸಿದೆವು. ಬೇಲಿಯ ಹತ್ತಿರ ಅವ್ವ ಎಲ್ಲರನ್ನೂ ತಬ್ಬಿಕೊಂಡಳು. ನಿಲುವಂಗಿ ಬಿಚ್ಚಿದೆವು, ತಲೆವಸ್ತ್ರ ಬಿಚ್ಚಿದೆವು. ಒಳಅಂಗಿಯಲ್ಲಿ ನಡುಗುತ್ತಾ ನಿಂತವರು ರಿಮ್ಮಾ ಪಾವ್ಲೋವ್ನಾ. ನನ್ನ ಸ್ವೆಟರು ತೆಗೆದು ಅವರಿಗೆ ಹಾಕಿದೆ. ನಿಮಗೆ ಒಳ್ಳೆಯದಾಗಲಿ ಅಂದೆ. ಅವ್ವ ಹೋಗಿದ್ದಳು. ನೆಟ್ಟಗೆ, ಹೊಟ್ಟೆ ತುಂಬಿ, ಎಲ್ಲರಿಗೂ ಹೇಳಿ ಹೋಗಿದ್ದಳು. ನನ್ನ ಎದೆಯ ಮೇಲಿನ ಕಲ್ಲು ಇಳಿದಿತ್ತು.

ಆಗ ವ್ಯಾನು ಬಂತು. ಗ್ಲೆಬ್ ತಾನೇ ಓಡಿಸಿಕೊಂಡು ಬಂದಿದ್ದ. ಕ್ಯಾಮೆರಾದವನು, ವೇಷದ ಹುಡುಗಿ ಹಿಂದೆ ಇಳಿದರು. ಹುಡುಗಿಯ ಕೈಯಲ್ಲಿ ಬೀಟ್‌ರೂಟಿನ ಡಬ್ಬಿ. ಗ್ಲೆಬ್ ಈಗ ಕೂಗಲಿಲ್ಲ, ಬೆಣ್ಣೆಯಂಥ ದನಿಯಲ್ಲಿ ಮಾತಾಡಿದ. ನಿಮ್ಮ ಸಂಪ್ರದಾಯ ಬಹಳ ಸೊಗಸಾಗಿದೆ ಅಂದ. ಈಗ ನಿಮ್ಮದು ಮುಗಿಯಿತಲ್ಲ, ಸತ್ತವರನ್ನು ಕಳಿಸಿ ಆಯಿತಲ್ಲ, ಹಾಗಾದರೆ ಇನ್ನು ಇದು ಬರೀ ಅಂಗಿ. ಇನ್ನರ್ಧ ಗಂಟೆ ಬೆಳಕಿದೆ. ಇಲ್ಲೇ, ಈ ಬೇಲಿಯ ಮುಂದೆ, ಆ ಸಾವೊಂದನ್ನು ತೆಗೆದುಬಿಡೋಣ. ಮಾಲೀಕರ ಹತ್ತಿರ ನಾನೇ ಮಾತಾಡಿ ಎಲ್ಲರಿಗೂ ಕೆಲಸ ವಾಪಸ್ಸು ಕೊಡಿಸುತ್ತೇನೆ.

ಹೆಂಗಸರು ನನ್ನ ಮುಖ ನೋಡಿದರು. ಅಂಗಿ ನನ್ನ ಕೈಯಲ್ಲಿತ್ತು. ಕೆಲಸ ಎಲ್ಲರದೂ ಹೋಗಿತ್ತು, ಎಲ್ಲರ ಮನೆಯಲ್ಲೂ ಉಣ್ಣುವ ಬಾಯಿಗಳಿದ್ದವು.  ನಾನು ಅಂಗಿಯನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡೆ.

"ನಮ್ಮವ್ವ ಒಂದ್ಸಲ ಸತ್ತಿದಾಳೆ," ಅಂದೆ. "ಸಾಕು. ನಿನಗೆ ಸಾವು ಬೇಕಿದ್ರೆ ನಿಮ್ಮವ್ವನ ಬಟ್ಟೆ ತಗೊಂಡ್ ಬಾ. ಇರಿಯೋಕೆ ನಾನೇ ಬರ್ತೀನಿ, ಕೂಲಿ ಬೇಡ."

ಬರೀ ಅಂಗಿ ಅಂದಿದ್ದ ಗ್ಲೆಬ್‌ನ ಮುಖ ಬಿಳಿಚಿಕೊಂಡಿತು. ಒಂದು ಹೆಜ್ಜೆ ಹಿಂದೆ ಸರಿದು ವ್ಯಾನಿನ ಬಾಗಿಲು ಹಿಡಿದುಕೊಂಡ. ಅವನ ತಾಯಿ ಎಲ್ಲೋ ಬದುಕಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಗ.